ಸೊಸೆಯ ಹುಚ್ಚು

ಆ ಬೆಳಿಗ್ಗೆ ಗಾಳಿಗೂ ತಲೆ ಕೆಟ್ಟಿತ್ತು. ಸಮುದಾಯ ಭವನದ ಬಾಗಿಲಿಗೆ ಕಟ್ಟಿದ್ದ ಬ್ಯಾನರಿನ ಒಂದು ತುದಿ ಕಿತ್ತುಕೊಂಡು, ಬಂದವರ ಮುಖಕ್ಕೆಲ್ಲ ಪಟಪಟ ಬಡಿಯುತ್ತಿತ್ತು. 'ಮನಸ್ಸಿಗೂ ಜ್ವರ ಬರುತ್ತದೆ, ನಾಚಿಕೆ ಬೇಡ' ಎಂದು ಅದರ ಮೇಲೆ ಬರೆದಿತ್ತು. ಅತ್ತೆ ಓದಿ ಮೂಗು ಮುರಿದಳು.

"ಜ್ವರವಂತೆ! ಹಾಗಾದ್ರೆ ಹಣೆಗೊಂದು ಒದ್ದೆ ಬಟ್ಟೆ ಹಾಕಿ ಮಲಗಿಸ್ಲಿ. ಇಷ್ಟೊಂದು ಕುರ್ಚಿ ಯಾಕೆ?"

ಮಗ ನಗಲಿಲ್ಲ. ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. ನಿನ್ನೆ ಬಂದವನಿಗೆ ಕೈಕಾಲು ತೊಳೆಯಲೂ ಬಿಡದೆ ಅಮ್ಮ ದೂರು ಹೇಳಿದ್ದಳು: ನಿನ್ನ ಹೆಂಡತಿಗೆ ತಲೆ ನೆಟ್ಟಗಿಲ್ಲ, ತವರಿಗೆ ಕಳಿಸು. ಅವನು ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಒಂದು ಮಾತು ಕೊಟ್ಟಿದ್ದ. ಬೀದಿಯ ಕೊನೆಯಲ್ಲಿ ಶಿಬಿರ ನಡೀತಿದೆ. ತಿಳಿದವರ ಎದುರು ಹೇಳು. ನಿಜ ಅಂತಾದ್ರೆ ಇವತ್ತೇ ಬಸ್ ಹತ್ತಿಸ್ತೀನಿ.

ಸೊಸೆ ಬೇಡ ಎನ್ನಲಿಲ್ಲ. ತಲೆ ಬಾಚಿಕೊಂಡು, ಅತ್ತೆಯ ಹಿಂದೆ ನೆರಳಿನ ಹಾಗೆ ಹೊರಟಿದ್ದಳು.

ಒಳಗೆ ಜಾತ್ರೆ. ಒಂದು ಮೂಲೆಯಲ್ಲಿ ಹತ್ತಾರು ಜನ ಕೈ ಮೇಲೆತ್ತಿ, ಯಾರೋ 'ನಗಿ' ಎಂದಿದ್ದಕ್ಕೆ ಹೋ ಹೋ ಎಂದು ನಗುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಮೀಸೆ ಹೊತ್ತ ಗಂಡಸರು ಕಾಗದದ ಚಿಟ್ಟೆಗೆ ಬಣ್ಣ ತುಂಬುತ್ತಿದ್ದರು. ಶಿಬಿರ ನಡೆಸುತ್ತಿದ್ದ ಸಂಘದ ಅಧ್ಯಕ್ಷರು, ಅಳುತ್ತಿದ್ದ ಮುದುಕನೊಬ್ಬನ ಹೆಗಲಿಗೆ ಕೈ ಹಾಕಿ ಫೋಟೋದವನ ಕಡೆ ಹಲ್ಲು ಕಿರಿದರು. ಅಷ್ಟರಲ್ಲಿ ಮುದುಕನ ಅಳು ನಿಂತುಹೋಗಿತ್ತು. ಅಧ್ಯಕ್ಷರ ಮುಖ ಸಪ್ಪಗಾಯಿತು.

"ಇದರಲ್ಲಿ ಹುಚ್ಚರು ಯಾರು, ಹುಚ್ಚು ಬಿಡಿಸೋಕೆ ಬಂದೋರು ಯಾರು?" ಅತ್ತೆ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

ಎದೆಗೆ ಹಸಿರು ರಿಬ್ಬನ್ ಚುಚ್ಚಿಕೊಂಡ ಶಿಬಿರದ ಹುಡುಗಿಯೊಬ್ಬಳು ಓಡಿಬಂದಳು. "ಅಜ್ಜಿ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ?"

"ನನ್ನ ನಿದ್ದೆ ತಗೊಂಡು ನೀನೇನು ಅಂಗಡಿ ಇಡ್ತೀಯಾ? ದೊಡ್ಡೋರು ಯಾರಿದಾರೆ, ತೋರ್ಸು."

ದೊಡ್ಡವರೆಂದರೆ ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತಿಯಾದವಳು, ಪಕ್ಕದ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದಳು. ಅವಳದು ಒಂದೇ ಕಟ್ಟಳೆ: ಒಬ್ಬರು ಮಾತು ಮುಗಿಸುವ ತನಕ ಉಳಿದವರು ತುಟಿ ಬಿಚ್ಚುವ ಹಾಗಿಲ್ಲ. ಅತ್ತೆಗೆ ಆ ಕಟ್ಟಳೆ ಬಹಳ ಹಿಡಿಸಿತು. ಮುಂದಿನ ಕುರ್ಚಿ ಎಳೆದು ಕೂತು ಶುರುಮಾಡಿದಳು.

"ನಮ್ಮ ಯಜಮಾನ್ರು ತೀರ್ಕೊಂಡು ಇನ್ನೂ ವರ್ಷ ಆಗಿಲ್ಲಮ್ಮ. ಇವಳು ನನಗೆ ಆಸರೆ ಆಗ್ಬೇಕಿತ್ತು, ಇವಳಿಗೇ ಹಿಡೀತು ನೋಡಿ. ಬಚ್ಚಲಮನೆ ಚಿಲಕ ಕಿತ್ತು ಬಿಸಾಕಿದಾಳೆ. ನಾನು ಒಳಗಿದ್ರೆ ಹೊರಗೆ ನಿಂತು ದೇವರನಾಮ ಹಾಡ್ತಾಳೆ. ನಾನೂ ಜೊತೆಗೆ ಹಾಡ್ಬೇಕಂತೆ! ಎರಡು ಸಾಲು ನಿಲ್ಲಿಸಿದ್ರೆ ಬಾಗಿಲು ತಳ್ಕೊಂಡು ಬಂದುಬಿಡ್ತಾಳೆ. ಈ ವಯಸ್ಸಲ್ಲಿ ನನ್ನ ಮಾನ ಏನಾಗ್ಬೇಕು?"

ನರ್ಸಮ್ಮ ತಲೆಯಾಡಿಸಿದಳು. ನಗಲಿಲ್ಲ.

"ಗಂಡ ಊರಲ್ಲಿಲ್ಲ ಅಂದ್ರೆ ಮಂಚ ಬಿಟ್ಟು ಬಂದು ನನ್ನ ಕೋಣೆ ಹೊಸ್ತಿಲಿಗೆ ಅಡ್ಡ ಮಲಗ್ತಾಳೆ. ನೀರು ಕುಡಿಯೋಕೆ ಎದ್ರೂ ಇವಳನ್ನ ದಾಟ್ಬೇಕು. ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ಅಳ್ತಾಳೆ. ಈರುಳ್ಳಿಗಲ್ಲ, ಬರೀ ಬದನೆಕಾಯಿಗೆ! ಇನ್ನು ಇದು ನೋಡಿ." ಅತ್ತೆ ಮೊಣಕೈ ಮುಂದೆ ಚಾಚಿದಳು. ತರಚಿದ ಗಾಯ ಒಣಗಿ ಕಪ್ಪಾಗಿತ್ತು. "ಮಹಡಿ ಮೇಲಿದ್ದೆ. ಹಿಂದಿನಿಂದ ಓಡಿಬಂದು ನನ್ನನ್ನ ಕೆಡವಿದ್ಲು."

ಗೋಡೆಗೆ ಒರಗಿದ್ದ ಮಗ ನೆಟ್ಟಗೆ ನಿಂತ. ಇದನ್ನು ಅವನಿಗೆ ಅಮ್ಮ ಹೇಳಿರಲಿಲ್ಲ.

"ಮಹಡಿ ಮೇಲೆ ಏನು ಮಾಡ್ತಿದ್ರಿ?" ನರ್ಸಮ್ಮ ಕೇಳಿದಳು.

"ಬಟ್ಟೆ ಹರವ್ತಿದ್ದೆ. ಇನ್ನೇನು, ಕುಣೀತಿದ್ನಾ?"

ಸರದಿ ಸೊಸೆಯದಾಯಿತು. ಇವಳು ಅಳುತ್ತಾಳೆ, ಇಲ್ಲವೆಂದು ಆಣೆ ಇಡುತ್ತಾಳೆ ಎಂದು ಅತ್ತೆ ನಾಲಿಗೆ ಹರಿತ ಮಾಡಿಕೊಂಡು ಕಾದಳು.

"ನಾನು ಹೇಳೋದೇನೂ ಇಲ್ಲಮ್ಮ," ಎಂದಳು ಸೊಸೆ. "ಅತ್ತೆ ಹೇಳಿದ್ದೆಲ್ಲ ನಿಜ."

"ಕೈ ಮಾಡಿದ್ಯಾ ನನ್ನಮ್ಮನ ಮೇಲೆ?" ಮಗನ ದನಿ ಕೋಣೆಗೆ ದೊಡ್ಡದಾಯಿತು.

"ಕೆಡವಿದ್ದು ನಿಜ."

ಮುಗಿಯಿತು. ಇಷ್ಟು ಸಲೀಸಾಗಿ ಗೆಲ್ಲುತ್ತೇನೆಂದು ಅತ್ತೆ ಎಣಿಸಿರಲಿಲ್ಲ. ಪಕ್ಕದ ಹಾಲಿನಲ್ಲಿ ಮತ್ತೆ ಹೋ ಹೋ ನಗು ಎದ್ದಿತು. ಅದು ತನ್ನನ್ನೇ ನೋಡಿ ನಕ್ಕ ಹಾಗಿತ್ತು.

"ನಡಿ," ಎಂದ ಮಗ ಹೆಂಡತಿಗೆ. "ಬಸ್ಸಿಗೆ ಹೊತ್ತಾಗುತ್ತೆ."

ಸೊಸೆ ಎದ್ದಳು. ಬಾಗಿಲ ತನಕ ಹೋದವಳು ನಿಂತಳು. "ಹೋಗ್ತೀನಿ. ಆದ್ರೆ ನೀವು ಇವತ್ತು ಲಾರಿ ಹತ್ತಬೇಡಿ. ಸ್ವಲ್ಪ ದಿನ ಅತ್ತೆ ಹತ್ರಾನೇ ಮಲಗಿ."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ ಕೊಟ್ಟಿದ್ದು?"

ಸೊಸೆ ಬಾಗಿಲಿಗೆ ಕೈ ಹಾಕಿದಳು. ಕಣ್ಣೆತ್ತಿ ಅತ್ತೆಯನ್ನು ನೋಡಲಿಲ್ಲ. ನರ್ಸಮ್ಮ ಮಾತ್ರ, ಮೊದಲಿನಿಂದಲೂ ನೋಡುತ್ತಿದ್ದ ಹಾಗೆ, ಅತ್ತೆಯನ್ನೇ ನೋಡುತ್ತಿದ್ದಳು.

ಅತ್ತೆ ಕೈಯೂರಿ ಎದ್ದಳು. ಸೊಸೆಯ ತೋಳು ಹಿಡಿದು ತಂದು ತಾನು ಕೂತಿದ್ದ ಕುರ್ಚಿಯ ಮೇಲೆ ಕೂರಿಸಿದಳು. ಆಮೇಲೆ ಮಗನ ಕಡೆ ತಿರುಗಿ, ಜನ್ಮದಲ್ಲಿ ಎಂದೂ ಮಾತಾಡದಷ್ಟು ಮೆಲ್ಲಗೆ ಹೇಳಿದಳು:

"ನಾನು ಬಟ್ಟೆ ಹರವ್ತಿರ್ಲಿಲ್ಲ ಕಣೋ, ಒಂದು ಕಾಲು ಮಹಡಿ ಗೋಡೆಯಿಂದಾಚೆ ಇಟ್ಟಾಗಿತ್ತು, ಇವಳು ಹಿಂದಕ್ಕೆ ಎಳೆದು ಕೆಡವಿದ್ಲು."