ಇಪ್ಪತ್ತೈದು ನಿಮಿಷದ ದಾರಿ

"ವಿಮಾನದಲ್ಲಿ ಇಪ್ಪತ್ತೈದೇ ನಿಮಿಷ ಕಣಮ್ಮಾ. ನಿಮ್ಮ ವ್ಯಾನು ಎರಡೂಮುಕ್ಕಾಲು ಗಂಟೆ ತಿನ್ನುತ್ತೆ. ನಾಳೆಯಿಂದ ಬರೋದು ಬೇಡ," ಎಂದು ಸಾಗಣೆ ಅಧಿಕಾರಿ ರಕ್ತನಿಧಿಯ ಬಾಗಿಲಲ್ಲೇ ಹೇಳಿಬಿಟ್ಟ.

ಎಲ್ಲರೂ ವ್ಯಾನಕ್ಕ ಎಂದು ಕರೆಯುತ್ತಿದ್ದ ಅವಳು ಸೀಟಿನಿಂದ ಇಳಿಯಲಿಲ್ಲ. ಗಂಡ ಹೋದ ಮೇಲೆ ಹತ್ತು ತಿಂಗಳಿಂದ, ರಕ್ತ ಸಾಗಿಸುವ ಅವನ ವ್ಯಾನನ್ನು ಅವಳೇ ಓಡಿಸುತ್ತಿದ್ದಳು. ಅವನು ಬಿಟ್ಟುಹೋದ ಅನ್ನವೂ ಅದೇ, ನೆನಪೂ ಅದೇ.

"ಎಲ್ಲಿಂದ ಎಲ್ಲಿಗೆ ಸಾಹೇಬ್ರೇ, ಆ ಇಪ್ಪತ್ತೈದು ನಿಮಿಷ?"

"ಈ ವಿಮಾನ ನಿಲ್ದಾಣದಿಂದ ಆ ವಿಮಾನ ನಿಲ್ದಾಣಕ್ಕೆ."

"ವಿಮಾನ ನಿಲ್ದಾಣದಲ್ಲಿ ಯಾರೂ ಹೆರೋದಿಲ್ವಲ್ಲ! ಬಾಣಂತಿ ಮಲಗಿರೋದು ಆಸ್ಪತ್ರೆ ಮಂಚದ ಮೇಲೆ."

ದೂರದ ಊರಿನ ಆಸ್ಪತ್ರೆಯಲ್ಲಿದ್ದ ಆ ಬಾಣಂತಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಂತಿರಲಿಲ್ಲ. ಅವಳ ಅಪರೂಪದ ಗುಂಪಿನ ರಕ್ತ ಇದ್ದದ್ದು ಇಲ್ಲಿ, ಎರಡೇ ಚೀಲ. ರಕ್ತನಿಧಿಯ ಡಾಕ್ಟರಮ್ಮ ಒಂದೊಂದು ಚೀಲವಿಟ್ಟ ಎರಡು ಪೆಟ್ಟಿಗೆಗಳನ್ನು ಹಿಡಿದು ಹೊರಬಂದರು. "ಜಗಳ ಆಮೇಲೆ. ಒಂದು ಅವರ ಕೈಲಿ, ಒಂದು ನಿನ್ನ ಕೈಲಿ. ಹೊರಡಿ."

ಆಗ ಸರಿಯಾಗಿ ಹತ್ತು ಗಂಟೆ. "ದೇವರೇ, ದಾರಿ ನಿನ್ನದು, ಬ್ರೇಕು ನನ್ನದು," ಎಂದು ವ್ಯಾನಕ್ಕ ಗಾಡಿ ಹೊರಡಿಸಿದಳು. ರಕ್ತ ಕುಲುಕಬಾರದೆಂದು ಗಂಡ ಹೇಳಿಕೊಟ್ಟಿದ್ದ. ಉಬ್ಬು ಬಂದಲ್ಲೆಲ್ಲ ತುಂಬಿದ ಕೊಡ ಹೊತ್ತವಳ ಹಾಗೆ ದಾಟಿದಳು. ನೇರ ರಸ್ತೆ ಸಿಕ್ಕಲ್ಲಿ ಒಂದು ಕ್ಷಣವನ್ನೂ ಬಿಟ್ಟುಕೊಡಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಫೋನು ಕೂಗಿತು. ಅಧಿಕಾರಿಯ ದನಿಯಲ್ಲಿ ನಗು. "ಇಳಿದುಬಿಟ್ವಿ! ಇಪ್ಪತ್ತನಾಲ್ಕೇ ನಿಮಿಷ. ನೀವೆಲ್ಲಿದೀರಮ್ಮಾ?"

"ಸಿಮೆಂಟು ಕಾರ್ಖಾನೆ ಹತ್ರ."

"ಅಯ್ಯೋ ಪಾಪ, ನಿಧಾನವಾಗಿ ಬನ್ನಿ."

ಅವಳಿಗೆ ಇನ್ನೂ ಮುಕ್ಕಾಲು ಗಂಟೆಯ ದಾರಿ. ತನ್ನ ಲೆಕ್ಕವೇ ತಪ್ಪಿತೇ? ವ್ಯಾನು ಹೋದರೆ ಹೋಗಲಿ, ಯಾರ ಪೆಟ್ಟಿಗೆಯಾದರೂ ಸರಿ, ಆ ತಾಯಿ ಉಳಿಯಲಿ ಎಂದುಕೊಂಡಳು. ಹಾಗೆಂದು ಕಾಲು ಮಾತ್ರ ಸಡಿಲಿಸಲಿಲ್ಲ.

ಆಸ್ಪತ್ರೆಯ ಹಿಂಬಾಗಿಲಿಗೆ ಬಂದಾಗ ಹನ್ನೆರಡು ಮೂವತ್ತೆಂಟು. ಕಾದು ನಿಂತಿದ್ದ ನರ್ಸು ಪೆಟ್ಟಿಗೆಯನ್ನು ಕಸಿದುಕೊಂಡಂತೆ ತೆಗೆದುಕೊಂಡಳು.

"ಇನ್ನೊಂದು ಎಲ್ಲಿ ಅಕ್ಕಾ? ಸಾಹೇಬ್ರು ಬರಲಿಲ್ವಾ?"

ವ್ಯಾನಕ್ಕನ ಮುಖವೆಲ್ಲ ಅರಳಿತು. "ಆಕಾಶದಿಂದ ಇಳಿದಿದಾರೆ ತಾಯಿ. ಈಗ ನೆಲದ ಮೇಲೆ ಬರ್ತಿದಾರೆ!"

ಆ ವಿಮಾನ ನಿಲ್ದಾಣದಿಂದ ಆಸ್ಪತ್ರೆಗೆ ನಲವತ್ತು ಕಿಲೋಮೀಟರು, ಅಷ್ಟೂ ಪೇಟೆಯ ಗದ್ದಲ. ಅಧಿಕಾರಿಯ ಲೆಕ್ಕದ ಕಾಗದದಲ್ಲಿ ಅದೂ ಇರಲಿಲ್ಲ, ಈ ಕಡೆ ನಿಲ್ದಾಣ ಮುಟ್ಟಿ ವಿಮಾನ ಏರುವಷ್ಟರಲ್ಲಿ ಕಳೆದ ಒಂದೂವರೆ ಗಂಟೆಯೂ ಇರಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡು, ಬೆವರು ಸುರಿಸುತ್ತ ಅವನು ವಾರ್ಡಿಗೆ ಬಂದಾಗ ಒಂದೂಕಾಲು ದಾಟಿತ್ತು. ಒಳಗೆ ಮೊದಲ ಚೀಲ ಅರ್ಧ ಇಳಿದಿತ್ತು. ಅವನು ಆ ಚೀಲವನ್ನು ನೋಡಿದ, ಗೋಡೆಗೊರಗಿ ನಿಂತಿದ್ದ ವ್ಯಾನಕ್ಕನನ್ನು ನೋಡಿದ.

"ನಾಳೆ ಎಷ್ಟೊತ್ತಿಗೆ ಹೊರಡ್ತೀರಿ, ಅಕ್ಕಾ?"

"ಎಂದಿನ ಹಾಗೆ, ಆರಕ್ಕೆ."

ಆಗ ಬಾಣಂತಿ ಕಣ್ಣು ಬಿಟ್ಟಳು. ಬಿಳುಚಿದ್ದ ತುಟಿಗೆ ಬಣ್ಣ ಮರಳಿತ್ತು. ಅಧಿಕಾರಿಯ ಕೈಯಲ್ಲಿದ್ದ ಪೆಟ್ಟಿಗೆಯತ್ತ ಆಸೆಯಿಂದ ನೋಡಿ, ಮೆಲ್ಲಗೆ ಕೇಳಿದಳು:

"ಊಟ ತಂದ್ರಾ, ಅಣ್ಣಾ?"