ಬಿಟ್ಟುಕೊಟ್ಟ ಪಾಳಿ

ಇವತ್ತು ಮೊಮ್ಮಗಳು ಹೊಲದ ಕೆಸರುಗಾಲಲ್ಲೇ ಓಡಿಬಂದು ನನ್ನ ತೊಡೆ ಏರಿದಳು. ಅವಳ ಖುಷಿ ನೋಡಿ ಬೈಯಲಿಕ್ಕೂ ಮನಸ್ಸು ಬರಲಿಲ್ಲ; ಆ ಹಸಿ ಎರೆಮಣ್ಣಿನ ವಾಸನೆಗೆ ನಮ್ಮೂರು ಬೆಳ್ಳಟ್ಟಿಯಲ್ಲಿ ಕಳೆದ ಬಾಲ್ಯದ ಒಂದು ಮಧ್ಯಾಹ್ನ ಕಣ್ಮುಂದೆ ಎದ್ದು ಬಂತು.

ನಮ್ಮ ತಗ್ಗಿನ ಹೊಲದ ಜೋಳ ಹಳದಿ ತಿರುಗಿತ್ತು. ಮಣ್ಣಿನ ಮೇಲೆ ಬಿಳಿ ಸವಳು ಉಪ್ಪಿನ ಹಾಗೆ ಕೂತಿತ್ತು. ಅವತ್ತು ಕಾಲುವೆ ನೀರಿನ ಪಾಳಿ ನಮ್ಮದು. ಬಿಟ್ಟರೆ ಮತ್ತೆ ಬೇಗ ಸಿಗುತ್ತಿರಲಿಲ್ಲ. ಅಪ್ಪ ಒಡ್ಡು ಒಡೆಯಲು ಸಲಿಕೆ ಎತ್ತಿದ. ಅವ್ವ ಹೋಗಿ ನೀರು ಒಳಬರುವ ಬಾಯಲ್ಲೇ ಕುಳಿತುಬಿಟ್ಟಳು.

"ಏಳ. ಬೆಳಿ ನೀರಿಲ್ಲದ ಸಾಯಾಕತ್ತೈತಿ."

"ನೀರು ಹೆಚ್ಚಾಗಿ ಸಾಯಾಕತ್ತೈತಿ. ಮೊದ್ಲ ಇಲ್ಲೊಂದು ಕುಣಿ ತೋಡಿ ನೋಡ್ರಿ, ಆಮ್ಯಾಲ ಬೇಕಾದ್ರ ನನ್ನ ಮ್ಯಾಲ ನೀರು ಬಿಡ್ರಿ."

ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಅಪ್ಪ ಸಿಟ್ಟಿನಲ್ಲೇ ಸಲಿಕೆ ಹಾಕಿದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಕುಣಿಯ ತಳದಲ್ಲಿ ನೀರು ತಾನಾಗಿ ಜಿನುಗಿ ನಿಂತಿತು. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, ಬರೀ ಉಪ್ಪೆಂದು ಉಗುಳಿದ.

"ಕಾಕಾ, ನಮ್ಮ ಪಾಳಿ ನೀವ ತಗೋರಿ," ಎಂದು ಪಕ್ಕದ ಹೊಲದವರಿಗೆ ಕೂಗಿದ.

"ಯಾಕಲೇ, ಆರಾಮ ಅದಿ ಇಲ್ಲೋ?" ಎಂದರು ಅವರು.

ಅಪ್ಪ ಕೆಳಗಿನ ಬದುವಿಗೆ ನಡೆದು, ನಿಂತ ನೀರು ಹೊರಗೆ ಹರಿಯಲೆಂದು ಬಸಿಗಾಲುವೆ ತೋಡತೊಡಗಿದ. ಅವ್ವ ಸೀರೆಯ ಕೆಸರು ಕೊಡವಿಕೊಂಡು, ಮಣ್ಣು ಹೊರಲು ಬುಟ್ಟಿ ಹಿಡಿದು ಅವನ ಹಿಂದೆ ಹೋದಳು.