ಬೇಗ ತೆರೆಯುವ ಪುಟ

ಸಾಬಣ್ಣನ ಬ್ಲಾಗಿಗೆ ವೇಗವಿರಲಿಲ್ಲ. ಅಣೆಕಟ್ಟಿನ ಗೇಟು ತೆರೆದಿದೆಯೋ ಮುಚ್ಚಿದೆಯೋ ಎಂದು ಅವನು ದಿನಾ ಬೆಳಿಗ್ಗೆ ಅದರಲ್ಲಿ ಬರೆಯುತ್ತಿದ್ದ; ಕೆಳಗಿನ ನಡುಗಡ್ಡೆಯವರು ಅದನ್ನು ನೋಡಿಯೇ ನದಿಗೆ ತೆಪ್ಪ ಬಿಡುತ್ತಿದ್ದರು.

“ನಿಮ್ಮ ಪುಟ ತೆರಿಯೋದ್ರಾಗ ಹೊಳಿ ದಾಟಿ ಬರಬಹುದು,” ಎಂದು ತೆಪ್ಪದ ಹನುಮೇಶ ಅಣಕಿಸಿದ್ದ.

ಭಾನುವಾರ, ಗೇಟು ಮುಚ್ಚಿದೆ ಎಂದು ಬರೆದ ಮೇಲೆ ಸಾಬಣ್ಣ ಬ್ಲಾಗಿಗೆ ಕ್ಯಾಶಿಂಗ್ ಅಳವಡಿಸಿದ. ಸರ್ವರ್ ಇನ್ನು ಪ್ರತಿ ಸಲ ಪುಟ ಕಟ್ಟುವುದಿಲ್ಲ. ಒಮ್ಮೆ ಕಟ್ಟಿದ್ದರ ಪ್ರತಿಯನ್ನೇ ಎತ್ತಿ ಕೊಡುತ್ತದೆ.

ಸೋಮವಾರ ಏಳಕ್ಕೆ, ಗೇಟು ತೆರೆದಿದೆ, ಯಾರೂ ನದಿಗೆ ಇಳಿಯಬೇಡಿ ಎಂದು ಬರೆದು, ಖಾತ್ರಿಗೆಂದು ಹನುಮೇಶನ ಮನೆಗೆ ಫೋನ್ ಮಾಡಿದ. ಹೆಂಡತಿ ಎತ್ತಿದಳು.

“ಬ್ಲಾಗ್ ನೋಡಿದ್ರೇನವ್ವ?”

“ನೋಡಿದ್ವಿರಿ ಅಣ್ಣ. ಈಗ ಒತ್ತಿದ ಕೂಡ್ಲೇ ತೆರಿತದ.”

“ಏನಂತ ಅದ ಅದ್ರಾಗ?”

“ಗೇಟು ಮುಚ್ಚ್ಯದ ಅಂತ. ಅದಕ್ಕೇ ಇವ್ರು ಮಂದಿ ಕೂಡ್ಸಿಕೊಂಡು ತೆಪ್ಪ ಬಿಟ್ಟು ಹೊಂಟ್ರು.”

ತೆಪ್ಪದಲ್ಲಿದ್ದ ಒಂಬತ್ತು ಮಂದಿಯೂ ಮುಳುಗಿ ಸತ್ತರು.